ಕೋಟಿ ವರದಿಗಳ ಕೆಳಗೆ ಸಿಕ್ಕಿಬಿದ್ದ ಮಗು

2025ರ ಮಾರ್ಚ್‌ನಲ್ಲಿ ಯುರೋಪಿನ ಪೊಲೀಸರು ‘ಕಿಡ್‌ಫ್ಲಿಕ್ಸ್’ ಎಂಬ ತಾಣವೊಂದನ್ನು ಮುಚ್ಚಿಸಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳನ್ನು ದುಡ್ಡಿಗೆ ತೋರಿಸುತ್ತಿದ್ದ ತಾಣ ಅದು. ಜರ್ಮನಿಯ ಬವೇರಿಯಾ ರಾಜ್ಯದ ಪೊಲೀಸರು ಮುಂದೆ ನಿಂತಿದ್ದರು. 35ಕ್ಕೂ ಹೆಚ್ಚು ದೇಶಗಳು ಜೊತೆಗಿದ್ದವು. ಮೂರು ವರ್ಷಗಳಲ್ಲಿ ಆ ತಾಣದೊಳಗೆ ಹೋಗಿ ಬಂದವರು ಸುಮಾರು 18 ಲಕ್ಷ ಮಂದಿ. ಅವರಲ್ಲಿ ಗುರುತು ಸಿಕ್ಕಿದ್ದು 1,393 ಜನರದ್ದು. ಬಂಧನವಾಗಿದ್ದು 79 ಜನರದ್ದು. ರಕ್ಷಣೆ ಸಿಕ್ಕಿದ್ದು 39 ಮಕ್ಕಳಿಗೆ.

ಇದನ್ನು ಓದಿ ಪೊಲೀಸರನ್ನು ಬೈಯೋಣ ಅನ್ನಿಸಬಹುದು. ಆದರೆ ಈ ಥರದ ಅಪರಾಧದ ವಿರುದ್ಧ ನಡೆದ ದೊಡ್ಡ ಕಾರ್ಯಾಚರಣೆಗಳಲ್ಲಿ ಇದೂ ಒಂದು, ಚೆನ್ನಾಗಿ ನಡೆದಿದ್ದೂ ಹೌದು. ಅಷ್ಟು ಚೆನ್ನಾಗಿ ನಡೆದಾಗಲೇ ಲೆಕ್ಕ 18 ಲಕ್ಷದಿಂದ 39ಕ್ಕೆ ಇಳಿಯುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಯಾಕೆಂದರೆ ಕಳೆದ ಐದಾರು ವರ್ಷಗಳಲ್ಲಿ ಸರ್ಕಾರಗಳು ತಂದ ಹೆಚ್ಚಿನ ಕಾನೂನುಗಳು ವರದಿಯಿಂದ ರಕ್ಷಣೆಯವರೆಗಿನ ಈ ಸಾಲಿನ ಮೊದಲ ತುದಿಯವು. ಕಂಪನಿಗಳು ಜಾಸ್ತಿ ವರದಿ ಮಾಡಲಿ, ಬೇಗ ತೆಗೆದುಹಾಕಲಿ, ವಯಸ್ಸು ಕೇಳಲಿ, ಕೇಳದಿದ್ದರೆ ದಂಡ ಕಟ್ಟಲಿ. ಇನ್ನೊಂದು ತುದಿಯಲ್ಲಿ, ಆ ವರದಿಯನ್ನು ಕೈಗೆತ್ತಿಕೊಂಡು ಒಂದು ಮನೆಯ ಬಾಗಿಲು ತಟ್ಟಬೇಕಾದ ಜಾಗದಲ್ಲಿ, ಅಷ್ಟೇ ವೇಗದಲ್ಲಿ ಜನ ಸೇರುತ್ತಿಲ್ಲ.

ಒಂದು ವರದಿ ಹುಟ್ಟುವುದು ಹೇಗೆ

ಮೊದಲು ಯಂತ್ರ ಹೇಗೆ ಓಡುತ್ತದೆ ನೋಡೋಣ. 2009ರಲ್ಲಿ ಮೈಕ್ರೋಸಾಫ್ಟ್ ಕಂಪನಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿದ್ದ ಕಂಪ್ಯೂಟರ್ ವಿಜ್ಞಾನಿ ಹನಿ ಫರೀದ್ ಜೊತೆ ಸೇರಿ ‘ಫೋಟೊಡಿಎನ್‌ಎ’ ಎಂಬ ತಂತ್ರ ಕಟ್ಟಿತು. ಅದು ಒಂದು ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸುತ್ತದೆ. ಸಣ್ಣ ಸಣ್ಣ ಚೌಕಗಳಾಗಿ ಹೋಳು ಮಾಡುತ್ತದೆ. ಪ್ರತಿ ಚೌಕದಲ್ಲೂ ಬೆಳಕು-ನೆರಳು ಹೇಗೆ ಬದಲಾಗುತ್ತದೆ ಎಂದು ಅಳೆದು ಒಂದು ಅಂಕಿಗಳ ಸಾಲು ಮಾಡಿಕೊಳ್ಳುತ್ತದೆ. ಈ ಸಾಲಿಗೆ ‘ಹ್ಯಾಶ್’ ಅಂತಾರೆ. ಚಿತ್ರದ ಅಳತೆ ಬದಲಾಯಿಸಿದರೂ, ಬಣ್ಣ ಸ್ವಲ್ಪ ಆಚೀಚೆ ಮಾಡಿದರೂ ಹ್ಯಾಶ್ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಹ್ಯಾಶ್ ನೋಡಿ ಚಿತ್ರವನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಹಾಗಾಗಿ ಕಂಪನಿಗಳು ಇಂಥ ಚಿತ್ರಗಳ ರಾಶಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕಿಲ್ಲ, ಹ್ಯಾಶ್ ಪಟ್ಟಿ ಇದ್ದರೆ ಸಾಕು.

ಯಾರೋ ಒಂದು ಫೋಟೊ ಅಪ್‌ಲೋಡ್ ಮಾಡುತ್ತಾರೆ. ಅದರ ಹ್ಯಾಶ್ ಪಟ್ಟಿಯಲ್ಲಿರುವ ಒಂದಕ್ಕೆ ತಾಳೆಯಾಗುತ್ತದೆ. ಕಂಪನಿ ಖಾತೆಯನ್ನು ಮುಚ್ಚಿ, ವಿವರಗಳನ್ನು ಅಮೆರಿಕದ ‘ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಅಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್’, ಅಂದರೆ ಎನ್‌ಸಿಎಂಇಸಿಗೆ ಕಳಿಸುತ್ತದೆ. ಈ ಸಂಸ್ಥೆ 1998ರಿಂದ ‘ಸೈಬರ್‌ಟಿಪ್‌ಲೈನ್’ ಎಂಬ ದೂರು ಕೇಂದ್ರ ನಡೆಸುತ್ತಿದೆ. ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಅಮೆರಿಕದವು ಅಲ್ವಾ, ಹಾಗಾಗಿ ಯಾವ ದೇಶದಲ್ಲಿ ಅಪರಾಧ ನಡೆದರೂ ವರದಿ ಮೊದಲು ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ ನೋಡಿಕೊಂಡು ಆಯಾ ದೇಶಕ್ಕೆ ರವಾನೆ. ಭಾರತದಲ್ಲಿ ಅದನ್ನು ಪಡೆಯುವುದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ. ಅದಕ್ಕಾಗಿ 2019ರಲ್ಲಿ ಎನ್‌ಸಿಎಂಇಸಿ ಜೊತೆ ಒಪ್ಪಂದವಾಯಿತು. ಬ್ಯೂರೊದಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಕೊನೆಗೆ ಒಂದು ಠಾಣೆಗೆ.

ಇಲ್ಲೊಂದು ವಿಚಿತ್ರ ಇದೆ. ಇಂಥದ್ದು ಕಣ್ಣಿಗೆ ಬಿದ್ದರೆ ವರದಿ ಮಾಡಲೇಬೇಕು ಎನ್ನುತ್ತದೆ ಅಮೆರಿಕದ ಕಾನೂನು. ಹುಡುಕಲೇಬೇಕು ಅಂತ ಎಲ್ಲೂ ಹೇಳುವುದಿಲ್ಲ. ಇದು ಕಣ್ತಪ್ಪಿನಿಂದ ಆಗಿದ್ದಲ್ಲ. ಅಲ್ಲಿನ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಪ್ರಕಾರ ಸರ್ಕಾರ ವಾರಂಟ್ ಇಲ್ಲದೆ ಯಾರನ್ನೂ ಶೋಧಿಸುವಂತಿಲ್ಲ. ಕಂಪನಿಗೆ ‘ಹುಡುಕು’ ಎಂದು ಸರ್ಕಾರವೇ ಆಜ್ಞೆ ಮಾಡಿದರೆ ಕಂಪನಿ ಸರ್ಕಾರದ ಏಜೆಂಟ್ ಆಗಿಬಿಡುತ್ತದೆ. ಆಗ ಸಿಕ್ಕ ಸಾಕ್ಷ್ಯ ಕೋರ್ಟಿನಲ್ಲಿ ನಿಲ್ಲದೆ ಹೋಗಬಹುದು, ಆರೋಪಿ ಹೊರಗೆ ನಡೆಯಬಹುದು. ಹೀಗಾಗಿ ಇಡೀ ಜಗತ್ತಿನ ಮಕ್ಕಳ ರಕ್ಷಣೆಯ ದೊಡ್ಡದೊಂದು ಭಾಗ ನಿಂತಿರುವುದು ಕೆಲವು ಕಂಪನಿಗಳು ಸ್ವಂತ ಇಚ್ಛೆಯಿಂದ ಮಾಡುವ ಕೆಲಸದ ಮೇಲೆ.

ಆ ಇಚ್ಛೆ ಎಲ್ಲರಿಗೂ ಒಂದೇ ಥರ ಇಲ್ಲ. 2023ರಲ್ಲಿ ಮೆಟಾದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸೇರಿ 3 ಕೋಟಿಗೂ ಹೆಚ್ಚು ವರದಿ ಕಳಿಸಿದವು. ಅದೇ ವರ್ಷ ಆ್ಯಪಲ್ ಕಳಿಸಿದ್ದು 267. ಇನ್ನೂರ ಅರವತ್ತೇಳು, ಲಕ್ಷ ಕೋಟಿ ಏನೂ ಇಲ್ಲ. ಆ್ಯಪಲ್ ಬಳಸುವವರೆಲ್ಲ ಸಜ್ಜನರು ಅಂತ ಇದರ ಅರ್ಥವೇ? ಹುಡುಕದವರಿಗೆ ಸಿಗುವುದಿಲ್ಲ, ಅಷ್ಟೇ.

ಅಂಕಿ ದೊಡ್ಡದಾದಷ್ಟೂ ಕಣ್ಣು ಮಂಜಾಗುತ್ತದೆ

2023ರಲ್ಲಿ ಸೈಬರ್‌ಟಿಪ್‌ಲೈನ್‌ಗೆ ಬಂದ ವರದಿಗಳು 3.6 ಕೋಟಿ. ಅದರಲ್ಲಿ ಭಾರತಕ್ಕೆ ಸಂಬಂಧಿಸಿದ್ದು ಸುಮಾರು 89 ಲಕ್ಷ, ಯಾವ ದೇಶಕ್ಕಿಂತಲೂ ಹೆಚ್ಚು. ಇಂಥ ಅಂಕಿ ಬಂದ ಕೂಡಲೇ ಟಿವಿಯಲ್ಲಿ ಕೂಗಾಟ ಶುರುವಾಗುತ್ತದೆ. ಆದರೆ ಇದು ಅಪ್‌ಲೋಡ್ ಆದ ಜಾಗದ ಲೆಕ್ಕ. ದೌರ್ಜನ್ಯ ನಡೆದ ಜಾಗದ ಲೆಕ್ಕ ಅಲ್ಲ. ಯಾವ ದೇಶದಲ್ಲಿ ಜನ ಜಾಸ್ತಿ, ಫೋನ್ ಜಾಸ್ತಿ, ಫೇಸ್‌ಬುಕ್ ಜಾಸ್ತಿಯೋ ಅಲ್ಲಿ ಅಂಕಿಯೂ ಜಾಸ್ತಿ.

ಇನ್ನೂ ಒಳಗೆ ಇಳಿದು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. 2020ರ ಅಕ್ಟೋಬರ್-ನವೆಂಬರ್‌ನಲ್ಲಿ ತಾನು ಕಳಿಸಿದ ವರದಿಗಳನ್ನು ಫೇಸ್‌ಬುಕ್ ಒಮ್ಮೆ ಬಿಡಿಸಿ ನೋಡಿತು. ಶೇ 90ಕ್ಕೂ ಹೆಚ್ಚು ಚಿತ್ರ-ವಿಡಿಯೊಗಳು ಹಿಂದೆಯೇ ವರದಿಯಾದವುಗಳ ನಕಲು, ಇಲ್ಲವೇ ಅವನ್ನೇ ಹೋಲುವಂಥವು. ಅರ್ಧಕ್ಕಿಂತ ಹೆಚ್ಚು ವರದಿಗಳಿಗೆ ಕಾರಣವಾಗಿದ್ದು ಕೇವಲ ಆರು ವಿಡಿಯೊಗಳ ನಕಲು. ಹಂಚಿದವರಲ್ಲಿ ಬಹಳ ಜನ ‘ಈ ಪಾಪಿಯನ್ನು ಹಿಡಿಯಿರಿ’ ಎಂದು ಸಿಟ್ಟಿನಿಂದ ಫಾರ್ವರ್ಡ್ ಮಾಡಿದವರು, ಇಲ್ಲವೇ ಕೆಟ್ಟ ಹಾಸ್ಯ ಅಂದುಕೊಂಡು ಕಳಿಸಿದವರು. ಸಿಟ್ಟಿನಿಂದ ಹಂಚಿದರೂ ಕಾನೂನಿನ ಪ್ರಕಾರ ಅದು ಅಪರಾಧವೇ, ಚಿತ್ರದಲ್ಲಿರುವ ಮಗುವಿಗೆ ಮತ್ತೊಮ್ಮೆ ಆಗುವ ಗಾಯವೂ ಹೌದು. ಆದರೆ ತನಿಖಾಧಿಕಾರಿಯ ದೃಷ್ಟಿಯಿಂದ ನೋಡಿ. ಒಂದು ವರದಿ ಹತ್ತು ವರ್ಷ ಹಳೆಯ ವಿಡಿಯೊ ಫಾರ್ವರ್ಡ್ ಮಾಡಿದ ದಡ್ಡನದ್ದು. ಇನ್ನೊಂದು, ನಿನ್ನೆ ರಾತ್ರಿ ತನ್ನ ಮನೆಯಲ್ಲೇ ಹೊಸ ಚಿತ್ರ ತೆಗೆದವನದ್ದು. ಪರದೆಯ ಮೇಲೆ ಎರಡೂ ಒಂದೇ ಸಾಲಿನಲ್ಲಿ, ಒಂದೇ ನಮೂನೆಯಲ್ಲಿ ಕಾಣುತ್ತವೆ.

2024ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸೈಬರ್‌ಟಿಪ್‌ಲೈನ್ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಪೊಲೀಸರ ದೊಡ್ಡ ದೂರು ಇದೇ ಆಗಿತ್ತು. ಯಾವ ವರದಿಯ ಹಿಂದೆ ಈಗಲೂ ಒದ್ದಾಡುತ್ತಿರುವ ಮಗು ಇದೆ ಎಂದು ಬೇರ್ಪಡಿಸಲು ಆಗುತ್ತಿಲ್ಲ. ಕಂಪನಿಗಳು ಅರ್ಜಿಯ ಹಲವು ಅಂಕಣಗಳನ್ನು ಖಾಲಿ ಬಿಡುತ್ತವೆ. ಎನ್‌ಸಿಎಂಇಸಿಯ ತಂತ್ರಜ್ಞಾನ ಹಳೆಯದಾಗಿದೆ. ಅಮೆರಿಕ ಅದೇ ವರ್ಷ ಮೇ ತಿಂಗಳಲ್ಲಿ ‘ರಿಪೋರ್ಟ್ ಕಾಯ್ದೆ’ ತಂದು ಒಂದು ಸಣ್ಣ ಆದರೆ ಉಪಯುಕ್ತ ಬದಲಾವಣೆ ಮಾಡಿತು. ವರದಿಗೆ ಸಂಬಂಧಿಸಿದ ಮಾಹಿತಿಯನ್ನು ಕಂಪನಿಗಳು 90 ದಿನ ಕಾಪಾಡಿದರೆ ಸಾಕಿತ್ತು. ಈಗ ಒಂದು ವರ್ಷ ಕಾಪಾಡಬೇಕು. ಅಂದರೆ ಅಲ್ಲಿಯವರೆಗೆ, ಪೊಲೀಸರು ಕಡತ ತೆರೆಯುವಷ್ಟರಲ್ಲಿ ಸಾಕ್ಷ್ಯವೇ ಅಳಿಸಿಹೋಗಿರುವ ಸಾಧ್ಯತೆ ಇತ್ತು.

ಇದಕ್ಕೆ ದಾರಿಯೇ ಇಲ್ಲ ಅಂತಲ್ಲ. ಬ್ರಿಟನ್ನಿನ ಕೆಂಟ್ ಪೊಲೀಸರು ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೊತೆ ಸೇರಿ ‘ಕಿರಾಟ್’ ಎಂಬ ಸಾಧನ ರೂಪಿಸಿದರು. ಚಿತ್ರ ನೋಡಿದ ಶಂಕಿತರಲ್ಲಿ ಯಾರು ನಿಜವಾಗಿ ಮಗುವಿನ ಮೇಲೆ ಕೈಮಾಡುವ ಸಾಧ್ಯತೆ ಹೆಚ್ಚು ಎಂದು ಅದು ಅಂದಾಜಿಸುತ್ತದೆ. ಹಿಂದಿನ ಕೇಸು ಇದೆಯೇ, ಮನೆಯಲ್ಲಿ ಅಥವಾ ಕೆಲಸದಲ್ಲಿ ಮಕ್ಕಳು ಹತ್ತಿರದಲ್ಲಿದ್ದಾರೆಯೇ, ಇಂಥ ಪ್ರಶ್ನೆಗಳು. ಉತ್ತರ ನೋಡಿ ಯಾರ ಮನೆಗೆ ಮೊದಲು ಹೋಗಬೇಕು ಎಂದು ತೀರ್ಮಾನಿಸುತ್ತಾರೆ. ಬ್ರಿಟನ್ನಿನಲ್ಲಿ ಈಗ ತಿಂಗಳಿಗೆ 800ರಿಂದ 1,000 ಬಂಧನಗಳಾಗುತ್ತವೆ, ಸುಮಾರು 1,200 ಮಕ್ಕಳನ್ನು ಅಪಾಯದಿಂದ ಹೊರತರಲಾಗುತ್ತದೆ. ಜನ, ಹಣ, ಆದ್ಯತೆಯ ಲೆಕ್ಕ ಮೂರೂ ಸೇರಿದರೆ ಫಲ ಸಿಗುತ್ತದೆ ಅನ್ನಲು ನನಗೆ ಸಿಗುವ ಒಳ್ಳೆಯ ಉದಾಹರಣೆ ಇದು. ಆದರೆ ಸಂಸತ್ತಿನ ಭಾಷಣಗಳಲ್ಲಿ ಕಿರಾಟ್ ಹೆಸರು ಕೇಳುವುದು ಅಪರೂಪ. ದಂಡದ ಮೊತ್ತ ಹೇಳಿದಾಗ ಬೀಳುವ ಚಪ್ಪಾಳೆ ಇದಕ್ಕೆ ಬೀಳುವುದಿಲ್ಲ ನೋಡಿ.

ಹ್ಯಾಶ್ ಇಲ್ಲದ ಅಪರಾಧ

ಹ್ಯಾಶ್‌ಗೆ ಒಂದು ಮಿತಿ ಇದೆ. ಹಿಂದೆ ಸಿಕ್ಕಿಬಿದ್ದ ಚಿತ್ರವನ್ನು ಮಾತ್ರ ಅದು ಗುರುತಿಸುತ್ತದೆ. ಈಗ ಹೆಚ್ಚುತ್ತಿರುವ ಅಪರಾಧಕ್ಕೆ ಹಳೆಯ ಚಿತ್ರವೇ ಬೇಕಿಲ್ಲ.

ಸೆಕ್ಸ್‌ಟಾರ್ಷನ್ ಎನ್ನುವ ಸುಲಿಗೆಯನ್ನೇ ತೆಗೆದುಕೊಳ್ಳಿ. ಹದಿನೈದು-ಹದಿನಾರರ ಹುಡುಗನಿಗೆ ಒಂದು ರಾತ್ರಿ ಹುಡುಗಿಯೊಬ್ಬಳ ಪ್ರೊಫೈಲ್‌ನಿಂದ ಮೆಸೇಜ್ ಬರುತ್ತದೆ. ಅವನ ಶಾಲೆಯ ನಾಲ್ಕೈದು ಜನ ಆಗಲೇ ಆಕೆಯ ಫ್ರೆಂಡ್ ಲಿಸ್ಟ್‌ನಲ್ಲಿದ್ದಾರೆ, ಹಾಗಾಗಿ ಅನುಮಾನ ಬರುವುದಿಲ್ಲ. ಹರಟೆ ಇನ್ನೊಂದು ಆ್ಯಪ್‌ಗೆ ಹೋಗುತ್ತದೆ. ಅವಳು ಒಂದು ಫೋಟೊ ಕಳಿಸುತ್ತಾಳೆ, ಅವನದ್ದೂ ಒಂದು ಕೇಳುತ್ತಾಳೆ. ಕಳಿಸಿದ ಕೆಲವೇ ನಿಮಿಷಕ್ಕೆ ದನಿ ಬದಲಾಗುತ್ತದೆ. ಅವನ ಫೋಟೊ, ಪಕ್ಕದಲ್ಲಿ ಅವನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟ್. ‘ದುಡ್ಡು ಕಳಿಸು, ಇಲ್ಲದಿದ್ದರೆ ಇವರೆಲ್ಲರಿಗೂ ಹೋಗುತ್ತದೆ.’ ಗಿಫ್ಟ್ ಕಾರ್ಡ್ ಆದರೂ ಸರಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಆ ಕಡೆ ಇರುವುದು ಹುಡುಗಿಯಲ್ಲ, ಬೇರೆ ದೇಶದಲ್ಲಿ ಕೂತ ಗಂಡಸರ ಗುಂಪು. ಮುಂದೇನು ಹೇಳಬೇಕು ಎಂಬ ಮಾತುಗಳನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ.

ಅಮೆರಿಕದ ಮಿಷಿಗನ್ ರಾಜ್ಯದ ಹದಿಹರೆಯದ ಹುಡುಗನೊಬ್ಬ 2022ರಲ್ಲಿ ಹೀಗೇ ಸಿಕ್ಕಿಹಾಕಿಕೊಂಡು ಕೆಲವೇ ತಾಸುಗಳಲ್ಲಿ ಪ್ರಾಣ ಕಳೆದುಕೊಂಡ. ಆ ಪ್ರಕರಣದಲ್ಲಿ ನೈಜೀರಿಯಾದ ಇಬ್ಬರು ಸೋದರರನ್ನು ಗಡೀಪಾರು ಮಾಡಿಸಿಕೊಂಡು ಬಂದು, 2024ರಲ್ಲಿ ತಲಾ 17 ವರ್ಷ 6 ತಿಂಗಳ ಸೆರೆವಾಸ ವಿಧಿಸಲಾಯಿತು. ಅದೇ ವರ್ಷ ಜುಲೈನಲ್ಲಿ ಮೆಟಾ ನೈಜೀರಿಯಾದ ಸುಮಾರು 63,000 ಇನ್‌ಸ್ಟಾಗ್ರಾಂ ಖಾತೆಗಳನ್ನು ತೆಗೆದುಹಾಕಿತು. ಎನ್‌ಸಿಎಂಇಸಿಗೆ ಬಂದ, ಮಕ್ಕಳನ್ನು ಪುಸಲಾಯಿಸಿದ ಪ್ರಕರಣಗಳ ವರದಿ 2023ರಲ್ಲಿ 1.86 ಲಕ್ಷ ಇದ್ದದ್ದು 2024ರಲ್ಲಿ 5.46 ಲಕ್ಷಕ್ಕೆ ಏರಿತು. ಒಟ್ಟು ವರದಿ ಮಾತ್ರ 3.6 ಕೋಟಿಯಿಂದ 2.05 ಕೋಟಿಗೆ ಇಳಿಯಿತು. ಒಂದೇ ವೈರಲ್ ವಿಡಿಯೊದ ವರದಿಗಳನ್ನು ಒಟ್ಟುಗೂಡಿಸಿ ಕಳಿಸಲು ಶುರು ಮಾಡಿದ್ದು ಇದಕ್ಕೆ ಒಂದು ಕಾರಣ. ಮೆಸೆಂಜರ್‌ಗೆ ಎನ್‌ಕ್ರಿಪ್ಷನ್, ಅಂದರೆ ಕಂಪನಿಗೂ ಮೆಸೇಜ್ ಓದಲಾಗದಂಥ ಬೀಗ, ಬಂದಿದ್ದು ಇನ್ನೊಂದು. ಒಟ್ಟು ಇಳಿದಿದ್ದನ್ನು ನೋಡಿ ಸಮಾಧಾನಪಟ್ಟುಕೊಂಡರೆ ಮೋಸ ಹೋದಂತೆ.

ಈ ಹುಡುಗನಿಗೆ ಕಾನೂನಿನಿಂದ ಬೇಕಾದದ್ದು ಎರಡೇ. ಅಪರಿಚಿತ ಖಾತೆ ತನ್ನ ಗೆಳೆಯರ ಪಟ್ಟಿ ನೋಡಲಾಗದಂತೆ ಆ್ಯಪ್ ಮೊದಲೇ ತಡೆಯಬೇಕಿತ್ತು. ಆ ರಾತ್ರಿಯೇ ಸಹಾಯ ಸಿಗಬೇಕಿತ್ತು. ಮೊದಲನೆಯದನ್ನು ಬ್ರಿಟನ್ ತನ್ನ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯ ನಿಯಮಗಳಲ್ಲಿ ಸೇರಿಸಿದೆ. ಅಲ್ಲಿ ಮಕ್ಕಳ ಖಾತೆಗಳ ಸ್ನೇಹಿತರ ಪಟ್ಟಿ ಅಪರಿಚಿತರಿಗೆ ಕಾಣಬಾರದು, ಪರಿಚಯ ಇಲ್ಲದವರು ನೇರ ಮೆಸೇಜ್ ಕಳಿಸುವಂತಿರಬಾರದು. ಪಾಲಿಸದ ಕಂಪನಿಗೆ 1.8 ಕೋಟಿ ಪೌಂಡ್ ಅಥವಾ ಜಾಗತಿಕ ಆದಾಯದ ಶೇ 10, ಯಾವುದು ಹೆಚ್ಚೋ ಅಷ್ಟರವರೆಗೆ ದಂಡ. ಈಚಿನ ಕಾನೂನುಗಳಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದು ಅನ್ನಿಸಿದ ಭಾಗ ಇದು. ಸಪ್ಪೆ ಸೆಟ್ಟಿಂಗ್, ಆದರೆ ಸುಲಿಗೆಯ ಬುಡವನ್ನೇ ಕತ್ತರಿಸುತ್ತದೆ.

ಎರಡನೆಯದಕ್ಕೆ ಒಂದು ಒಳ್ಳೆಯ ಸಾಧನ ಆಗಲೇ ಇದೆ. ಎನ್‌ಸಿಎಂಇಸಿಯ ‘ಟೇಕ್ ಇಟ್ ಡೌನ್’ ಸೇವೆ. ಹುಡುಗ ಅಥವಾ ಹುಡುಗಿ ತಮ್ಮ ಫೋನಿನಲ್ಲೇ ಆ ಚಿತ್ರ ಆರಿಸಿದರೆ, ಹ್ಯಾಶ್ ಅಲ್ಲೇ ತಯಾರಾಗುತ್ತದೆ. ಹ್ಯಾಶ್ ಮಾತ್ರ ಹೊರಗೆ ಹೋಗುತ್ತದೆ, ಚಿತ್ರ ಫೋನ್ ಬಿಟ್ಟು ಕದಲುವುದಿಲ್ಲ. ಹೆಸರು ಹೇಳಬೇಕಿಲ್ಲ. ಅದಕ್ಕೆ ಸೇರಿಕೊಂಡ ಕಂಪನಿಗಳ ತಾಣಗಳಲ್ಲಿ ಆ ಚಿತ್ರ ಮೇಲೇರಿದರೆ ಸಿಕ್ಕಿಬೀಳುತ್ತದೆ. ಅಪ್ಪ-ಅಮ್ಮನಿಗೆ ಹೇಳಲು ಹೆದರುವ ಮಕ್ಕಳಿಗೆ ಇದು ದೊಡ್ಡ ಆಸರೆ. ಅಮೆರಿಕದಲ್ಲಿ 2025ರ ಮೇ 19ರಂದು ಇದೇ ಹೆಸರಿನ ಕಾಯ್ದೆಯೂ ಬಂತು. ಒಪ್ಪಿಗೆಯಿಲ್ಲದ ಖಾಸಗಿ ಚಿತ್ರವನ್ನು, ಅದು ಎಐನಿಂದ ತಯಾರಾಗಿದ್ದರೂ, ದೂರು ಬಂದ 48 ತಾಸಿನಲ್ಲಿ ತೆಗೆಯಬೇಕು ಎನ್ನುತ್ತದೆ. ಸೇವೆ ಬೇರೆ, ಕಾಯ್ದೆ ಬೇರೆ. ಹೆಸರು ಒಂದೇ ಆಗಿರುವುದರಿಂದ ಗೊಂದಲವಂತೂ ಇದ್ದೇ ಇದೆ.

ಬೀಗ ಒಡೆಯಬೇಕೇ?

ಎಲ್ಲಕ್ಕಿಂತ ದೊಡ್ಡ ಜಗಳ ಎನ್‌ಕ್ರಿಪ್ಷನ್‌ದು. ಕಳಿಸಿದವರು, ಪಡೆದವರು ಬಿಟ್ಟರೆ ನಡುವೆ ಯಾರಿಗೂ ಓದಲಾಗದ ಮೆಸೇಜ್‌ಗಳಲ್ಲಿ ಕಂಪನಿ ನಡುದಾರಿಯಲ್ಲಿ ಹ್ಯಾಶ್ ತಾಳೆ ಹಾಕುವುದು ಸಾಧ್ಯವಿಲ್ಲ, ಹಾಕಬೇಕೆಂದರೆ ಫೋನಿನೊಳಗೇ ಹಾಕಬೇಕು. ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ 2022ರ ಮೇ ತಿಂಗಳಲ್ಲಿ ಒಂದು ಮಸೂದೆ ಮುಂದಿಟ್ಟಿತು. ಆದೇಶ ಬಂದರೆ ಕಂಪನಿಗಳು ಖಾಸಗಿ ಮೆಸೇಜ್‌ಗಳನ್ನೂ ಶೋಧಿಸಬೇಕು ಅಂತ. ವಿರೋಧಿಗಳು ಅದಕ್ಕೆ ‘ಚಾಟ್ ಕಂಟ್ರೋಲ್’ ಎಂದು ಹೆಸರಿಟ್ಟರು. ಮೂರೂವರೆ ವರ್ಷ ಎಳೆದಾಡಿ, 2025ರ ನವೆಂಬರ್‌ನಲ್ಲಿ ಸದಸ್ಯ ದೇಶಗಳು ಕಡ್ಡಾಯ ಶೋಧವನ್ನು ಕೈಬಿಟ್ಟು ಒಂದು ನಿಲುವಿಗೆ ಬಂದವು. ಬ್ರಿಟನ್ ಅಂಥ ಅಧಿಕಾರವನ್ನು ಕಾಯ್ದೆಯಲ್ಲಿ ಬರೆದುಕೊಂಡಿದೆ. ತಾಂತ್ರಿಕವಾಗಿ ಸಾಧ್ಯವಾಗುವವರೆಗೆ ಬಳಸುವುದಿಲ್ಲ ಎಂದೂ ಹೇಳಿದೆ. ಆ್ಯಪಲ್ 2021ರ ಆಗಸ್ಟ್‌ನಲ್ಲಿ ಫೋನಿನಲ್ಲೇ ಹ್ಯಾಶ್ ನೋಡುವ ಯೋಜನೆ ಘೋಷಿಸಿ, ಟೀಕೆಗೆ ಬೆದರಿ ಮುಂದೂಡಿ, 2022ರ ಡಿಸೆಂಬರ್‌ನಲ್ಲಿ ಪೂರ್ತಿ ಕೈಬಿಟ್ಟಿತು.

ಎರಡೂ ಕಡೆಯವರ ಹತ್ತಿರ ಗಟ್ಟಿ ಸಾಕ್ಷ್ಯ ಇದೆ. 2020ರ ಡಿಸೆಂಬರ್‌ನಲ್ಲಿ ಯುರೋಪಿನ ಖಾಸಗಿತನದ ನಿಯಮವೊಂದು ಮೆಸೇಜ್‌ಗಳಿಗೂ ಅನ್ವಯವಾದಾಗ ಫೇಸ್‌ಬುಕ್ ಅಲ್ಲಿ ತಾನಾಗೇ ಮಾಡುತ್ತಿದ್ದ ಶೋಧ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಯುರೋಪಿನಿಂದ ಹೋಗುತ್ತಿದ್ದ ವರದಿ ಅರ್ಧಕ್ಕಿಂತ ಕೆಳಗಿಳಿಯಿತು. ಅಪರಾಧ ಕಡಿಮೆಯಾಗಿರಲಿಲ್ಲ, ಕಾಣಿಸುವುದು ನಿಂತಿತ್ತು. 2021ರಲ್ಲಿ ಅದಕ್ಕೊಂದು ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು.

ಇನ್ನೊಂದು ಕಡೆ, ಅದೇ ವರ್ಷ ಅಮೆರಿಕದ ಒಬ್ಬ ಅಪ್ಪ. ಪುಟ್ಟ ಮಗನ ಗುಪ್ತಾಂಗದ ಬಳಿ ಊತ ಬಂದಿತ್ತು. ಕೋವಿಡ್ ಕಾಲ, ಡಾಕ್ಟರ್ ವಿಡಿಯೊದಲ್ಲೇ ನೋಡುವವರು. ಫೋಟೊ ಕಳಿಸಿ ಎಂದರು. ಅಪ್ಪ ತೆಗೆದ, ಅದು ತಾನಾಗೇ ಗೂಗಲ್ ಖಾತೆಗೆ ಹೋಯಿತು. ಎರಡು ದಿನಕ್ಕೆ ಖಾತೆ ಬಂದ್. ಇಮೇಲ್, ಫೋಟೊಗಳು, ಫೋನ್ ನಂಬರ್ ಎಲ್ಲ ಹೋಯಿತು. ಪೊಲೀಸರು ತನಿಖೆ ಮಾಡಿ ಏನೂ ತಪ್ಪಿಲ್ಲ ಎಂದರು. ಕಂಪನಿ ಖಾತೆ ವಾಪಸ್ ಕೊಡಲಿಲ್ಲ. ಇದು ಹ್ಯಾಶ್‌ನ ತಪ್ಪಲ್ಲ, ಹೊಸ ಚಿತ್ರವನ್ನು ಊಹಿಸಿ ಗುರುತಿಸುವ ಎಐ ಮಾಡಿದ ತಪ್ಪು. ಎಲ್ಲರ ಎಲ್ಲ ಮೆಸೇಜ್‌ಗಳ ಮೇಲೂ ಅಂಥ ಯಂತ್ರ ಕೂರಿಸಿದರೆ, ಶೇ 1ರಷ್ಟು ತಪ್ಪಾದರೂ ಅದು ದಿನಕ್ಕೆ ಕೋಟಿಗಳಲ್ಲಿ ಇರುತ್ತದೆ. ಮೊದಲೇ ವರದಿಗಳಲ್ಲಿ ಮುಳುಗಿರುವ ಪೊಲೀಸರ ತಲೆಮೇಲೆ ಅದನ್ನೂ ಸುರಿಯುವುದಾ?

ಹಾಗಾಗಿ ಕಡ್ಡಾಯ ಶೋಧದ ಪರ ನಾನು ನಿಲ್ಲಲಾರೆ. ಆದರೆ ‘ಎನ್‌ಕ್ರಿಪ್ಷನ್ ಇದೆ, ನಮ್ಮ ಕೈಲೇನೂ ಇಲ್ಲ’ ಎನ್ನುವ ಕಂಪನಿಗಳ ಮಾತೂ ಪೊಳ್ಳು. ಒಂದು ಹೊಸ ಖಾತೆ ಒಂದೇ ರಾತ್ರಿ ಒಂದೇ ಶಾಲೆಯ ಅರವತ್ತು ಹುಡುಗರಿಗೆ ರಿಕ್ವೆಸ್ಟ್ ಕಳಿಸಿದರೆ ಅದನ್ನು ಕಾಣಲು ಯಾವ ಮೆಸೇಜನ್ನೂ ಓದಬೇಕಿಲ್ಲ.

ಹದಿನಾರರ ಗೇಟು

ವಯಸ್ಸಿನ ಮಿತಿ ಈಗಿನ ಹೊಸ ಅಲೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಸೇರಿ ಹತ್ತು ತಾಣಗಳಲ್ಲಿ ಖಾತೆ ಇರುವಂತಿಲ್ಲ. ಮಕ್ಕಳಿಗಾಗಲಿ ಪೋಷಕರಿಗಾಗಲಿ ದಂಡ ಇಲ್ಲ. ತಪ್ಪಿದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮೊದಲ ವಾರಗಳಲ್ಲೇ ಸುಮಾರು 47 ಲಕ್ಷ ಖಾತೆಗಳು ಮುಚ್ಚಿದವು. ಅಮೆರಿಕದ ಮಿತಿ 13, ಆದರೆ ಅದು 1998ರ ದತ್ತಾಂಶ ಕಾನೂನಿನಿಂದ ಬಂದಿದ್ದು. ಮಗುವಿನ ಸುರಕ್ಷತೆ ಲೆಕ್ಕ ಹಾಕಿ ಯಾರೂ 13 ಅಂತ ಆರಿಸಿದ್ದಲ್ಲ. ಭಾರತದ 2023ರ ದತ್ತಾಂಶ ಕಾಯ್ದೆ 18ರ ಕೆಳಗಿನ ಎಲ್ಲರಿಗೂ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆರು ವರ್ಷದ ಮಗುವಿಗೂ ಹದಿನೇಳೂವರೆಯ ಪಿಯುಸಿ ವಿದ್ಯಾರ್ಥಿನಿಗೂ ಒಂದೇ ನಿಯಮ.

ನಿದ್ದೆ, ಗೀಳು, ಓದಿನ ವಿಷಯದಲ್ಲಿ ಈ ಗೇಟಿನಿಂದ ಲಾಭ ಆಗಬಹುದು. ದೌರ್ಜನ್ಯ ತಡೆಯುವ ವಿಷಯದಲ್ಲಿ ನನಗೆ ಅನುಮಾನ. ಆಸ್ಟ್ರೇಲಿಯಾದ ನಿಷೇಧ ಜಾರಿಗೆ ಬಂದಾಗ ವಾಟ್ಸ್‌ಆ್ಯಪ್, ಚಾಟ್ ತಾಣ ಡಿಸ್ಕಾರ್ಡ್, ಆಟದ ತಾಣ ರೋಬ್ಲಾಕ್ಸ್ ಪಟ್ಟಿಯಿಂದ ಹೊರಗಿದ್ದವು. ಪುಸಲಾಯಿಸುವವರು ಮಕ್ಕಳನ್ನು ಕರೆದೊಯ್ಯುವುದು ಇಂಥ ಚಾಟ್‌ಗಳಿಗೇ. ವಯಸ್ಸು ಸಾಬೀತು ಮಾಡುವುದಕ್ಕೂ ಬೆಲೆ ಇದೆ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್‌ಗೆ ಕೆಲಸ ಮಾಡಿಕೊಡುತ್ತಿದ್ದ ಹೊರಗಿನ ಸಂಸ್ಥೆಯ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿ ಫೋಟೊಗಳು ಸೋರಿಹೋದವು. ಬ್ರಿಟನ್ನಿನಲ್ಲಿ ಅದೇ ವರ್ಷ ಜುಲೈ 25ರಂದು ವಯಸ್ಸಿನ ತಪಾಸಣೆ ಶುರುವಾದ ಬೆನ್ನಲ್ಲೇ, ಯಾವ ದೇಶದಲ್ಲಿದ್ದೀರಿ ಎಂಬುದನ್ನು ಮರೆಮಾಚುವ ವಿಪಿಎನ್ ಆ್ಯಪ್‌ಗಳ ಡೌನ್‌ಲೋಡ್ ಗಗನಕ್ಕೇರಿತು. ಇದನ್ನೆಲ್ಲ ಬಿಟ್ಟರೂ ಒಂದು ವಿಷಯ ಉಳಿಯುತ್ತದೆ. ಚಿತ್ರ ತೆಗೆಯುವವನು ಎಷ್ಟೋ ಸಲ ಮಗುವಿಗೆ ಗೊತ್ತಿರುವವನೇ, ಮನೆಯೊಳಗಿನವನೇ. ಆ ಮಗುವಿಗೆ ಖಾತೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ದುಡ್ಡಿನ ಜಾಡು

ಲೈವ್ ವಿಡಿಯೊದಲ್ಲಿ ದೌರ್ಜನ್ಯ ನಡೆಸಿ ಹಣ ಪಡೆಯುವ ದಂಧೆಯಲ್ಲಿ ಚಿತ್ರ ಎಲ್ಲೂ ಉಳಿಯುವುದಿಲ್ಲ. ಉಳಿಯುವುದು ಪಾವತಿ. ಫಿಲಿಪ್ಪೀನ್ಸ್ ಈ ಪಿಡುಗಿನಿಂದ ಬಹಳ ನರಳಿದ ದೇಶ. ಶ್ರೀಮಂತ ದೇಶಗಳ ಗಂಡಸರು ಸಣ್ಣ ಸಣ್ಣ ಮೊತ್ತ ಕಳಿಸಿ, ಅಲ್ಲಿನ ಬಡ ಮನೆಗಳಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿಸಿ ನೋಡುತ್ತಿದ್ದರು. ಆ ದೇಶ 2022ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ತಂದಿತು.

ಆದರೆ ದೊಡ್ಡ ಪೆಟ್ಟು ಬಿದ್ದದ್ದು ಹಣ ಕಳಿಸುವ ತುದಿಯಲ್ಲಿ. ಆಸ್ಟ್ರೇಲಿಯಾದ ಆರ್ಥಿಕ ಗುಪ್ತಚರ ಸಂಸ್ಥೆ ಆಸ್ಟ್ರ್ಯಾಕ್, 2019ರಲ್ಲಿ ವೆಸ್ಟ್‌ಪ್ಯಾಕ್ ಬ್ಯಾಂಕಿನ ಮೇಲೆ ಕೇಸು ಹಾಕಿತು. ಅಕ್ರಮ ಹಣ ತಡೆ ಕಾಯ್ದೆಯನ್ನು 2.3 ಕೋಟಿ ಸಲ ಉಲ್ಲಂಘಿಸಿದ ಆರೋಪ. ಅದರಲ್ಲಿ ಒಂದು ಭಾಗ, ಫಿಲಿಪ್ಪೀನ್ಸ್ ಮತ್ತು ಆಗ್ನೇಯ ಏಷ್ಯಾಕ್ಕೆ ಮತ್ತೆ ಮತ್ತೆ ಸಣ್ಣ ಮೊತ್ತ ಕಳಿಸುತ್ತಿದ್ದ ಗ್ರಾಹಕರನ್ನು ಕಂಡೂ ಕಾಣದಂತೆ ಬಿಟ್ಟಿದ್ದು. 2020ರಲ್ಲಿ ಬ್ಯಾಂಕ್ 130 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಲು ಒಪ್ಪಿತು. ಅಧ್ಯಕ್ಷ, ಸಿಇಒ ಇಬ್ಬರೂ ಕುರ್ಚಿ ಬಿಡಬೇಕಾಯಿತು. ಇಲ್ಲಿ ಯಾರ ಖಾಸಗಿ ಮೆಸೇಜನ್ನೂ ತೆರೆಯಲಿಲ್ಲ. ಹೊಸ ಕಾನೂನೂ ಬೇಕಾಗಲಿಲ್ಲ. ಬ್ಯಾಂಕುಗಳು ಹೇಗೂ ಪಾಲಿಸಬೇಕಿದ್ದ ನಿಯಮವನ್ನೇ ಮಕ್ಕಳ ಪರವಾಗಿ ಬಳಸಿದರು, ಅಷ್ಟೇ. ಗಿಫ್ಟ್ ಕಾರ್ಡ್, ಗೇಮ್ ಕಾಯಿನ್, ಕ್ರಿಪ್ಟೊಗಳಿಗೆ ಇಷ್ಟೇ ಕಟ್ಟುನಿಟ್ಟು ಯಾಕಿರಬಾರದು ಅನ್ನಿಸುತ್ತದೆ.

ಎಐ ವಿಷಯದಲ್ಲಿ ಸರ್ಕಾರಗಳು ಇನ್ನೂ ಹಿಂದೆ ಓಡುತ್ತಿವೆ. ಎಐಗೆ ಸಂಬಂಧಿಸಿ ಎನ್‌ಸಿಎಂಇಸಿಗೆ 2023ರಲ್ಲಿ ಬಂದ ವರದಿಗಳು 4,700. 2024ರಲ್ಲಿ 67,000. 2025ರ ಫೆಬ್ರುವರಿಯಲ್ಲಿ ಡೆನ್ಮಾರ್ಕ್ ಮುಂದಾಳತ್ವದಲ್ಲಿ ನಡೆದ ‘ಆಪರೇಷನ್ ಕಂಬರ್ಲ್ಯಾಂಡ್’ನಲ್ಲಿ 25 ಜನರ ಬಂಧನವಾಯಿತು. ಪೂರ್ತಿ ಎಐನಿಂದಲೇ ತಯಾರಾದ ಚಿತ್ರಗಳ ಮೇಲಿನ ಮೊದಮೊದಲ ಕೇಸುಗಳಲ್ಲಿ ಇದೂ ಒಂದು. ‘ಮಗುವೇ ಇಲ್ಲದ ಮೇಲೆ ಅಪರಾಧ ಎಲ್ಲಿ’ ಎನ್ನುವವರಿಗೆ ಪೊಲೀಸರ ಉತ್ತರ ಸರಳ. ನಿಜವಾದ ಮಗುವನ್ನು ಹುಡುಕುವ ಅಧಿಕಾರಿ ಇಲ್ಲದ ಮಗುವಿನ ಹಿಂದೆ ವಾರಗಟ್ಟಲೆ ಅಲೆಯುತ್ತಾನೆ.

ಭಾರತದ ಲೆಕ್ಕ

ಕಾಗದದ ಮೇಲೆ ನಮ್ಮ ಕಾನೂನು ಗಟ್ಟಿಯೇ. 2012ರ ಪೋಕ್ಸೊ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ. ಇಂಥ ಚಿತ್ರ ಸುಮ್ನೆ ಡೌನ್‌ಲೋಡ್ ಮಾಡಿ ನೋಡಿದರೆ ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 23ರಂದು ಅದನ್ನು ತಳ್ಳಿಹಾಕಿತು. ಇಟ್ಟುಕೊಂಡರೂ ತಪ್ಪು, ಅಳಿಸದೆ, ವರದಿ ಮಾಡದೆ ಬಿಟ್ಟರೂ ತಪ್ಪು. ಕಂಪನಿಗಳು ಪೋಕ್ಸೊ ಪ್ರಕಾರ ಪೊಲೀಸರಿಗೂ ತಿಳಿಸಬೇಕು, ವಿದೇಶಿ ಸಂಸ್ಥೆಗೆ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು. ಇಂಥ ಚಿತ್ರ ಹಂಚುವವರ ವಿರುದ್ಧ ಸಿಬಿಐ 2021ರಲ್ಲಿ ‘ಆಪರೇಷನ್ ಕಾರ್ಬನ್’, 2022ರಲ್ಲಿ ‘ಆಪರೇಷನ್ ಮೇಘಚಕ್ರ’ ನಡೆಸಿತು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098 ಇದೆ.

ಮುಂದಿನ ಹೆಜ್ಜೆಯಲ್ಲೇ ಕಷ್ಟ. 2023ರ 89 ಲಕ್ಷ ಅಂದರೆ ದಿನಕ್ಕೆ ಸುಮಾರು 24,000 ವರದಿ. ಅದು ಇಳಿದು ಬರುವುದು ಸಾಲ ವಂಚನೆ, ಒಟಿಪಿ ಮೋಸ, ಡಿಜಿಟಲ್ ಅರೆಸ್ಟ್ ಕೇಸುಗಳನ್ನು ನೋಡುತ್ತಿರುವ ಅದೇ ಸೈಬರ್ ಠಾಣೆಗೆ. ಪೋಕ್ಸೊದ 2020ರ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ. ಮಗುವಿಗೆ ತನಿಖೆ, ವಿಚಾರಣೆಯ ಉದ್ದಕ್ಕೂ ಜೊತೆಗಿರಲು ಒಬ್ಬ ‘ಸಹಾಯಕ ವ್ಯಕ್ತಿ’ ಇರಬೇಕು. ಈ ನಿಯಮ ಸರಿಯಾಗಿ ಜಾರಿಯಾಗಲಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಬಿಡಿಸಿ ನಿರ್ದೇಶನ ಕೊಡಬೇಕಾಯಿತು. ಅಷ್ಟರಲ್ಲೇ ನೆಲದ ಸ್ಥಿತಿ ಗೊತ್ತಾಗುತ್ತದೆ.

ಶಾಂಪೂ ಬಾಟಲಿ ನೋಡುವ ಕೆಲಸ

ಕೊನೆಗೆ ಮಗುವನ್ನು ಹುಡುಕುವವರು ಏನು ಮಾಡುತ್ತಾರೆ ಅಂತ ನೋಡಿದರೆ, ಈ ಕೆಲಸಕ್ಕೆ ಎಷ್ಟು ಮನುಷ್ಯರು ಬೇಕು ಅನ್ನುವುದು ತಿಳಿಯುತ್ತದೆ. ಅವರು ಮಗುವನ್ನು ಬಿಟ್ಟು ಹಿನ್ನೆಲೆಯನ್ನು ನೋಡುತ್ತಾರೆ. ಗೋಡೆಯ ಮೇಲಿನ ಸ್ವಿಚ್ ಬೋರ್ಡ್ ಯಾವ ದೇಶದ್ದು? ಮೂಲೆಯಲ್ಲಿರುವ ಶಾಂಪೂ ಬಾಟಲಿ ಎಲ್ಲಿ ಮಾರಾಟವಾಗುತ್ತದೆ? ಹಾಸಿಗೆ ಹೊದಿಕೆಯ ನಮೂನೆ ಯಾವ ಹೋಟೆಲಿನದ್ದು? ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಿಂದ ಇಂಥ ವಸ್ತುಗಳನ್ನಷ್ಟೇ ಕತ್ತರಿಸಿ ತೆಗೆದು ಸಾರ್ವಜನಿಕರ ಮುಂದಿಡುತ್ತಿದೆ. ಒಂದು ಚೀಲ, ಒಂದು ಟೀಶರ್ಟ್, ಕಿಟಕಿಯಾಚೆಯ ಒಂದು ಕಟ್ಟಡ. ‘ಇದನ್ನು ಎಲ್ಲಾದರೂ ನೋಡಿದ್ದೀರಾ?’ ಇಂಟರ್‌ಪೋಲ್‌ನಲ್ಲೂ 2009ರಿಂದ ಇಂಥದ್ದೇ ದತ್ತಾಂಶ ಭಂಡಾರ ಇದೆ. ಒಂದು ದೇಶದ ಅಧಿಕಾರಿಗೆ ಸಿಕ್ಕ ಅರ್ಧ ಸುಳಿವಿಗೆ ಇನ್ನೊಂದು ದೇಶದವರು ಉಳಿದರ್ಧ ಸೇರಿಸುತ್ತಾರೆ.

2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಸೈಬರ್ ಅಪರಾಧ ಒಪ್ಪಂದ ಜಾರಿಗೆ ಬಂದರೆ ಗಡಿಯಾಚೆಯಿಂದ ಸಾಕ್ಷ್ಯ ತರಿಸುವುದು ಸುಲಭವಾಗಬಹುದು. ಆದರೆ ತರಿಸಿದ ಸಾಕ್ಷ್ಯವನ್ನು ನೋಡಲು ಯಾರಾದರೂ ಕೂರಬೇಕು. ಆನ್‌ಲೈನ್ ಸುರಕ್ಷತೆ ನೋಡಿಕೊಳ್ಳುವ ಆಸ್ಟ್ರೇಲಿಯಾದ ಇಸೇಫ್ಟಿ ಕಮಿಷನರ್‌ಗೆ ಒಂದು ಅಧಿಕಾರ ಇದೆ, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕಂಪನಿಗಳಿಗೆ ನೋಟಿಸ್ ಕೊಟ್ಟು, ದೂರಿಗೆ ಉತ್ತರಿಸಲು ಎಷ್ಟು ಹೊತ್ತು ಬೇಕು, ಈ ಕೆಲಸಕ್ಕೆ ಎಷ್ಟು ಜನರನ್ನು ಇಟ್ಟಿದ್ದೀರಿ ಎಂದು ಕೇಳಿ ಉತ್ತರ ಪ್ರಕಟಿಸಬಹುದು. ಸರಿಯಾಗಿ ಉತ್ತರಿಸದ ಎಕ್ಸ್‌ಗೆ (ಹಿಂದಿನ ಟ್ವಿಟರ್) 2023ರಲ್ಲಿ 6,10,500 ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಇದೇ ಎರಡು ಪ್ರಶ್ನೆಗಳನ್ನು ಪ್ರತಿ ವರ್ಷ ಬಜೆಟ್ ಹೊತ್ತಿಗೆ ಸರ್ಕಾರಗಳಿಗೂ ಕೇಳಬೇಕು. ವರದಿ ಬಂದ ದಿನದಿಂದ ಬಾಗಿಲು ತಟ್ಟುವವರೆಗೆ ಎಷ್ಟು ದಿನ ಹಿಡಿಯಿತು? ಈ ಕೆಲಸ ಒಂದನ್ನೇ ಮಾಡುವವರು ನಿಮ್ಮಲ್ಲಿ ಎಷ್ಟು ಜನ?